ಕದ್ದ ವಾಗ್ದಾನ

ಹೊಸ ವರ್ಷದ ಮೊದಲನೇ ದಿನ ನಮ್ಮ ಚರ್ಚಿನಲ್ಲಿ ವಾಗ್ದಾನದ ಕಾರ್ಡು ತೆಗೆಯುವ ಪದ್ಧತಿ ಇದೆ. ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಬಿಳಿ ಬಟ್ಟೆ ಹಾಸಿದ ಸ್ಟೀಲ್ ತಟ್ಟೆಯಲ್ಲಿ ಬೆರಳುದ್ದದ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಒಂದೊಂದರ ಮೇಲೂ ದೇವರ ಒಂದೊಂದು ಮಾತು ಅಚ್ಚಾಗಿರುತ್ತದೆ. ತಟ್ಟೆ ಬೆಂಚಿನಿಂದ ಬೆಂಚಿಗೆ ಬರುತ್ತದೆ. ಕಣ್ಣು ಮುಚ್ಚಿಕೊಂಡು ಒಂದನ್ನು ಎತ್ತಿಕೊಳ್ಳಬೇಕು. ಆ ವರ್ಷವಿಡೀ ಅದೇ ನಿಮ್ಮ ವಾಗ್ದಾನ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಕೊನೆಯ ಪ್ರಾರ್ಥನೆ ಮುಗಿಸುವವರೆಗೆ ಯಾರೂ ಕಾರ್ಡು ತಿರುಗಿಸಿ ನೋಡುವ ಹಾಗಿಲ್ಲ. ಮನೆಗೆ ಹೋಗಿ, ಎಲ್ಲರೂ ಕೂತು ಗಟ್ಟಿಯಾಗಿ ಓದಿ, ಕನ್ನಡಿಯ ಮೂಲೆಗೋ ಬೀರುವಿನ ಬಾಗಿಲಿಗೋ ಅಂಟಿಸುತ್ತೇವೆ.

ನಾನು ಕದ್ದದ್ದು ಅಂಥ ಒಂದು ಕಾರ್ಡನ್ನು. ಅದೂ ಚರ್ಚಿನೊಳಗೆ, ಅದೂ ಪ್ರಾರ್ಥನೆ ನಡೆಯುತ್ತಿರುವಾಗ, ಅದೂ ಕಟ್ಟಿಕೊಂಡ ಗಂಡನಿಂದ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ತುಮಕೂರಿನ ಬಟವಾಡಿಯಲ್ಲಿ ನಮ್ಮದು ಬಾಡಿಗೆ ಮನೆ. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಇರುವುದು ಇಬ್ಬರೇ. ನಾನು ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ನಮ್ಮ ಯಜಮಾನರು ಕರೆಂಟ್ ಇಲಾಖೆಯಲ್ಲಿ ಲೈನ್‌ಮ್ಯಾನ್, ಕೆಲಸ ಕುಣಿಗಲ್‌ನಲ್ಲಿ. ಗಂಡನ ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ, 'ಇವರು' ಎಂದೇ ಹೇಳುತ್ತೇನೆ. ಇವರು ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆಗೆ ಬರುತ್ತಿದ್ದರು. ಕಂಬ ಹತ್ತುವುದು, ಹರಿದ ತಂತಿ ಕಟ್ಟುವುದು, ಇದೇ ದಿನವೂ. ಮಾತು ಕಡಿಮೆಯ ಮನುಷ್ಯ. ನನಗೋ, ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಭಯ. ಬಸ್ಸು ಹತ್ತು ನಿಮಿಷ ತಡವಾದರೆ ಸಾಕು, ಮನಸ್ಸಿನಲ್ಲಿ ನಾನು ಆಗಲೇ ವಿಧವೆಯಾಗಿ, ಗುಬ್ಬಿಯ ತವರಿಗೆ ಸಾಮಾನು ಸಾಗಿಸಿ ಆಗಿರುತ್ತಿತ್ತು.

ಇಂಥ ನನಗೆ ವಾಗ್ದಾನದ ಕಾರ್ಡು ಸಿಕ್ಕಿದರೆ ಏನಾಗಬೇಕು ಹೇಳಿ. ಅದಕ್ಕೆ ಎರಡು ವರ್ಷದ ಹಿಂದೆ ನನಗೆ ಬಂದದ್ದು, ದೇವರು ಕಣ್ಣೀರನ್ನು ಒರೆಸುತ್ತಾನೆ ಎನ್ನುವ ಅರ್ಥದ ಮಾತು. ಎಲ್ಲರೂ "ಎಷ್ಟು ಚೆನ್ನಾಗಿದೆ" ಅಂದರು. ಅದೇ ಜುಲೈನಲ್ಲಿ ಗುಬ್ಬಿಯಲ್ಲಿ ನಮ್ಮಪ್ಪ ತೀರಿಕೊಂಡರು. ಒರೆಸಬೇಕು ಅಂದರೆ ಮೊದಲು ಅಳಿಸಬೇಕಲ್ಲ ಎಂದು ಆಗ ನನಗೆ ಹೊಳೆಯಿತು. ಅದರ ಮುಂದಿನ ವರ್ಷ ಬಂದದ್ದು, ಕಾಯಿಲೆಯ ಹಾಸಿಗೆಯ ಮೇಲೆ ದೇವರು ಬಲ ಕೊಡುತ್ತಾನೆ ಎನ್ನುವುದು. ಆ ಬೇಸಿಗೆಯಲ್ಲಿ ನನಗೆ ಕಾಮಾಲೆ ಆಗಿ ಒಂದೂವರೆ ತಿಂಗಳು ಮಲಗಿದೆ. ಗ್ರಹಚಾರ ಅನ್ನಬಾರದು ಎಂದು ಅಯ್ಯನವರು ಹೇಳುತ್ತಾರೆ, ಆದರೂ ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ.

ಅಯ್ಯನವರಿಗೆ ನಮ್ಮ ಜನ ಗೊತ್ತಿಲ್ಲದವರೇನಲ್ಲ. ಆ ಹೊಸ ವರ್ಷದ ದಿನ ತಟ್ಟೆ ಕಳಿಸುವ ಮುಂಚೆಯೇ ಬೈದರು. "ಇದನ್ನ ಗಿಣಿಶಾಸ್ತ್ರ ಅಂದ್ಕೋಬೇಡ್ರಪ್ಪ. ವರ್ಷದಲ್ಲಿ ಏನಾಗುತ್ತೆ ಅಂತ ತಿಳ್ಕೋಬೇಕಾ? ಶಿರಾ ಗೇಟ್ ಹತ್ರ ಮರದ ಕೆಳಗೆ ಒಬ್ಬ ಗಿಣಿ ಇಟ್ಕೊಂಡು ಕೂತಿರ್ತಾನೆ, ಅಲ್ಲಿಗೆ ಹೋಗಿ!" ಜನ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಹೆಂಗಸರ ಕೂಟದಲ್ಲಿ ಮುಂದೆ ನಿಂತು ಪ್ರಾರ್ಥನೆ ನಡೆಸುವವಳು ನಾನೇ ತಾನೇ, ನಗದೆ ಇದ್ದರೆ ಹೇಗೆ?

ತಟ್ಟೆ ಬಂತು. ನಾನೊಂದು ತೆಗೆದೆ, ಇವರೊಂದು ತೆಗೆದರು. ಇವರು ತಮ್ಮದನ್ನು ಹಾಡಿನ ಪುಸ್ತಕದೊಳಗೆ ಇಟ್ಟು ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಇಟ್ಟರು. ಅಯ್ಯನವರ ಕೊನೆಯ ಪ್ರಾರ್ಥನೆ ಶುರುವಾಯಿತು, ಎಲ್ಲರ ಕಣ್ಣೂ ಮುಚ್ಚಿತು. ಅಯ್ಯನವರ ಪ್ರಾರ್ಥನೆ ಅಂದರೆ ಉದ್ದ. ನನ್ನ ಕೈಯಲ್ಲಿ ಕಾರ್ಡು ಬೆವರುತ್ತಿತ್ತು. ತಡೆಯಲಾಗದೆ ತಿರುಗಿಸಿ ನೋಡಿಬಿಟ್ಟೆ.

ನೀರಿನಲ್ಲಿ ದಾಟಿ ಹೋಗುವಾಗ, ಬೆಂಕಿಯಲ್ಲಿ ನಡೆಯುವಾಗ, ಎಂದು ಶುರುವಾಗುವ ಮಾತು. ಅಲ್ಲಿಂದ ಮುಂದಕ್ಕೆ ನಾನು ಓದಲೇ ಇಲ್ಲ. ನೀರು, ಬೆಂಕಿ, ಇಷ್ಟೇ ಕಣ್ಣಿಗೆ ಹೊಡೆದದ್ದು. ಕಣ್ಣೀರು ಬಂದು ಹೋಯಿತು, ಕಾಯಿಲೆ ಬಂದು ಹೋಯಿತು, ಈಗ ಇದು. ಯೋಚನೆ ಮಾಡಿ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಕೈ ತಾನೇ ಹೋಯಿತು. ಹಾಡಿನ ಪುಸ್ತಕ ಬಿಡಿಸಿ, ಇವರ ಕಾರ್ಡು ಎಳೆದುಕೊಂಡು, ನನ್ನದನ್ನು ಅಲ್ಲಿ ಇಟ್ಟೆ. ಅಷ್ಟರಲ್ಲಿ "ಆಮೆನ್" ಅಂದರು. ನಾನೂ ಅಂದೆ.

ಮಧ್ಯಾಹ್ನ ಬಿರಿಯಾನಿ ತಟ್ಟೆ ಮುಂದೆ ಕೂತು ಓದಿದೆವು. ನನ್ನದೆಂದು ನಾನು ಓದಿದ್ದು ಸಮಾಧಾನದ ವಾಗ್ದಾನ. ಅಂಜಬೇಡ, ನಿನಗೆ ಸಮಾಧಾನ ಇರುತ್ತದೆ ಎನ್ನುವ ಅರ್ಥದ್ದು. ಇವರು ತಮ್ಮದನ್ನು ಓದಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಬೀರುವಿಗೆ ಅಂಟಿಸಲಿಲ್ಲ. "ಯಾಕ್ರೀ, ಅಂಟಿಸಲ್ವಾ?" ಅಂದೆ. "ಇರ್ಲಿ ಬಿಡು, ಜೊತೇಲಿಟ್ಕೋತೀನಿ" ಅಂದರು. ಆಗ ನನಗೆ ಬುದ್ಧಿ ಬಂತು. ನಾನು ನೀರನ್ನೂ ಬೆಂಕಿಯನ್ನೂ ಎತ್ತಿ ಯಾರ ಮಡಿಲಿಗೆ ಹಾಕಿದೆ? ದಿನಾ ಕರೆಂಟಿನ ಕಂಬ ಹತ್ತುವವರ ಮಡಿಲಿಗೆ. ಕುಣಿಗಲ್‌ನಂಥ ದೊಡ್ಡ ಕೆರೆ ಇರುವ ಊರಲ್ಲಿ ಕೆಲಸ ಮಾಡುವವರ ಮಡಿಲಿಗೆ!

ಅವತ್ತೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ನಾಚಿಕೆ ಒಂದು ಕಡೆ. ಇನ್ನೊಂದು ಕಡೆ, ಕಂಬ ಹತ್ತುವವರ ತಲೆಗೆ ಹೆದರಿಕೆ ತುಂಬಬಾರದು ಎನ್ನುವ ನೆಪ. ಒಂದು ದಿನ ಕಳೆಯಿತು, ಒಂದು ವಾರ ಕಳೆಯಿತು. ಆಮೇಲೆ ಹೇಳುವುದಕ್ಕೆ ಬಾಯಿಯೇ ಬರಲಿಲ್ಲ. ಬೀರು ತೆಗೆದಾಗಲೆಲ್ಲ ಸಮಾಧಾನದ ಕಾರ್ಡು ಎದುರಿಗೆ ಕಾಣುತ್ತಿತ್ತು. ನಾನು ಮುಖ ಆ ಕಡೆ ಮಾಡಿ ಸೀರೆ ತೆಗೆದುಕೊಳ್ಳುತ್ತಿದ್ದೆ.

ಆ ವರ್ಷ ನಾನು ಇವರನ್ನು ಕಾದದ್ದು ನೆನೆಸಿಕೊಂಡರೆ ಈಗ ನಗು ಬರುತ್ತದೆ, ಆಗ ಜೀವ ಹೋಗುತ್ತಿತ್ತು. ಭಾನುವಾರ ಇವರು ಸ್ನೇಹಿತರ ಜೊತೆ ಮೀನು ಹಿಡಿಯಲು ಹೋಗುವುದನ್ನು ನಿಲ್ಲಿಸಿದೆ. ಕಂಬದ ಮೇಲೆ ಸೊಂಟಕ್ಕೆ ಬಿಗಿದುಕೊಳ್ಳುವ ಬೆಲ್ಟನ್ನು ವಾರಕ್ಕೊಮ್ಮೆ ಇಸ್ಕೊಂಡು ಎಳೆದೆಳೆದು ನೋಡುತ್ತಿದ್ದೆ. ಒಂದು ಸಲ ಅದರ ಅಂಚು ಸ್ವಲ್ಪ ಬಿಟ್ಟಿದೆ ಅನ್ನಿಸಿ ನನ್ನ ಮಿಷನ್ನಿನಲ್ಲೇ ಹೊಲಿಯಲು ಹೋಗಿ ಎರಡು ಸೂಜಿ ಮುರಿದೆ. "ಅದು ಬ್ಲೌಸಲ್ಲ ಕಣೇ" ಅಂತ ಇವರು ನಕ್ಕರು. "ನಗ್ರೀ, ನಗ್ರೀ, ನಿಮಗೇನು" ಅಂತ ಬೆಲ್ಟನ್ನು ನೆಲಕ್ಕೆ ಬಿಸಾಕಿ ಅಡುಗೆಮನೆಗೆ ಹೋಗಿ ಅತ್ತೆ. ಯಾಕೆ ಅಳುತ್ತಿದ್ದೇನೆಂದು ಪಾಪ ಅವರಿಗೇನು ಗೊತ್ತು?

ನಮ್ಮ ಮನೆಗೆ ಫೋನಿರಲಿಲ್ಲ. ಪಕ್ಕದ ಮನೆಯಲ್ಲಿತ್ತು. ಅವರು ಸಾಬರು, ಶಿರಾ ಗೇಟ್‌ನಲ್ಲಿ ಬಳೆ ಅಂಗಡಿ ಇಟ್ಟವರು. ಆ ಮನೆಯ ಯಜಮಾನ್ತಿಯನ್ನು ನಾನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಆಪಾ ಮನೆಗೆ ಫೋನ್ ಮಾಡಬೇಕೆಂದು ಇವರಿಗೆ ಕಟ್ಟುಮಾಡಿದ್ದೆ. ಮಾಡಿ ಮಾಡಿ ಇವರಿಗೆ ಸಾಕಾಯಿತು. ಕುಣಿಗಲ್ ಆಫೀಸಿನವರು "ಮನೆಯಿಂದ ಹಾಜರಿ ಕೇಳ್ತಾವ್ರಾ ಸಾ?" ಎಂದು ಆಡಿಕೊಳ್ಳುತ್ತಿದ್ದರಂತೆ. ಒಂದು ದಿನ ಇವರು ನನ್ನನ್ನು ಕೂರಿಸಿಕೊಂಡು ತಮ್ಮ ಕೆಲಸ ಹೇಗೆಂದು ವಿವರಿಸಿದರು. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಹೇಳಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಅಂದರೆ ಅಲ್ಲಿ ಕರೆಂಟ್ ತೆಗೆದು, ಈಗ ಹತ್ತಬಹುದು ಎಂದು ಅವರು ಹೇಳಬೇಕು. ಆಮೇಲೆ ತಂತಿಯ ಮೇಲೆ ಒಂದು ಚೈನು ಎಸೆದು, ಅಕಸ್ಮಾತ್ ಉಳಿದ ಕರೆಂಟು ಇದ್ದರೆ ನೆಲಕ್ಕೆ ಇಳಿಯುವ ಹಾಗೆ ಮಾಡಬೇಕು. ಆಮೇಲೆ ಕೈ.

"ಅಲ್ಲ ಕಣ್ರೀ, ಯಾರೋ ಎಲ್ಲೋ ಕೂತು ಹತ್ತು ಅಂದ್ರೆ ಹತ್ತಿಬಿಡೋದಾ? ಅವ್ನ ಮುಖನಾದ್ರೂ ನೋಡಿದೀರಾ?"

"ಒಂದೊಂದ್ಸಲ ನೋಡಿರಲ್ಲ. ನಂಬಿಕೆ ಕಣೇ. ಅದಿಲ್ದಿದ್ರೆ ಯಾವ ಲೈನ್‌ಮ್ಯಾನೂ ನೆಲ ಬಿಟ್ಟು ಒಂದಡಿ ಮೇಲೆ ಹೋಗಲ್ಲ."

ನನಗೆ ಸಮಾಧಾನ ಮಾಡಲು ಹೇಳಿದ್ದು. ನನಗೆ ಹೆದರಿಕೆ ಇನ್ನೂ ಜಾಸ್ತಿಯಾಯಿತು.

ಪ್ರಾರ್ಥನೆ ಮಾಡುತ್ತಿರಲಿಲ್ಲ ಅಂತೇನಿಲ್ಲ. ಮಾಡುತ್ತಿದ್ದೆ, ಮೂರು ಹೊತ್ತೂ. ಇವರು ಹೊರಡುವಾಗ ಇಬ್ಬರೂ ಬಾಗಿಲ ಬಳಿ ನಿಂತು ಕೈ ಮುಗಿದು ಒಂದು ನಿಮಿಷ ಪ್ರಾರ್ಥಿಸುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ಆ ವರ್ಷ ಅದು ಒಂದು ನಿಮಿಷದಿಂದ ಐದು ನಿಮಿಷವಾಯಿತು. ನಾನು ದೇವರಿಗೆ ಪಟ್ಟಿ ಕೊಡುತ್ತಿದ್ದೆ. ಬಸ್ಸು ಕಾಪಾಡಪ್ಪ, ಕಂಬ ಕಾಪಾಡಪ್ಪ, ಕೆರೆ ಕಾಪಾಡಪ್ಪ, ಲೈನ್ ಕ್ಲಿಯರ್ ಕೊಡುವವನ ತಲೆ ನೆಟ್ಟಗಿಡಪ್ಪ. ಒಂದನ್ನು ಮಾತ್ರ ಹೇಳುತ್ತಿರಲಿಲ್ಲ. ದೇವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಅದರ ಮಾತು ಎತ್ತದೆ ಎದುರುಬದುರು ಕೂತ ಹಾಗಿರುತ್ತಿತ್ತು. ಆಮೇಲೆ ಹೆಂಗಸರ ಕೂಟಕ್ಕೆ ಹೋಗಿ "ಭಾರ ಎಲ್ಲಾ ಕರ್ತನ ಮೇಲೆ ಹಾಕಿಬಿಡಿ ತಾಯಂದಿರೇ" ಎಂದು ಬೇರೆಯವರಿಗೆ ಹೇಳಿ ಬರುತ್ತಿದ್ದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತಿತ್ತು.

ಈಸ್ಟರ್ ಕಳೆದ ಮೇಲೆ ಗುಬ್ಬಿಗೆ ಅಮ್ಮನನ್ನು ನೋಡಲು ಹೋದೆ. ಅಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ಪ್ರಾರ್ಥನೆ ಮಾಡುವುದು ಹೀಗೇ, ರಾಗಿ ಕೇರುತ್ತಾ, ತುಟಿ ಕೂಡ ಅಲ್ಲಾಡಿಸದೆ. ನಾನು ಪಕ್ಕದಲ್ಲಿ ಕೂತು, ಕಾರ್ಡಿನ ವಿಷಯ ಬಿಟ್ಟು ಮಿಕ್ಕದ್ದೆಲ್ಲ ಹೇಳಿದೆ. ಭಯ, ನಿದ್ದೆ ಬಾರದಿರುವುದು, ಎಷ್ಟು ಬೇಡಿಕೊಂಡರೂ ಮನಸ್ಸು ನಿಲ್ಲದಿರುವುದು.

ಅಮ್ಮ ಮೊರ ಕೆಳಗಿಟ್ಟು ನನ್ನನ್ನು ನೋಡಿತು. "ನೀನು ಪ್ರಾರ್ಥನೆ ಮಾಡೋದ ನಾನು ಕೇಳಿಲ್ವೇನೇ? ಕೋರ್ಟಲ್ಲಿ ವಕೀಲ ವಾದ ಮಾಡ್ದಂಗೆ ಮಾಡ್ತೀಯ. ಅದು ಹಿಂಗಾಗ್ಲಿ, ಇದು ಹಂಗಾಗ್ಲಿ, ತೀರ್ಪೂ ನೀನೇ ಬರ್ಕೊಟ್ಬುಡ್ತೀಯ. ದೇವ್ರಿಗೆ ಇನ್ನೇನ್ ಕೆಲ್ಸ ಉಳೀತು?"

"ಮತ್ತಿನ್ನೇನಮ್ಮ ಹೇಳ್ಬೇಕು?"

"ನಿಂಗೇನಾಗ್ತಿದೆ ಅಂತ ಹೇಳು. ಅಷ್ಟೇಯ. ಮಗಳು ತಾಯಿ ಮುಂದೆ ಹೇಳ್ಕೊಂಡಂಗೆ."

ನನಗೆ ಸಿಟ್ಟು ಬಂತು. ಇಷ್ಟು ಸುಲಭವಾಗಿದ್ದಿದ್ದರೆ ನಾನು ಗುಬ್ಬಿಯವರೆಗೆ ಯಾಕೆ ಬರಬೇಕಿತ್ತು? ಕಾಫಿ ಕೂಡ ಕುಡಿಯದೆ ಬಸ್ಸು ಹತ್ತಿದೆ.

ಆ ವರ್ಷ ಅಕ್ಟೋಬರಿನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಕುಣಿಗಲ್ ಕೆರೆ ಕೋಡಿ ಬಿದ್ದಿದೆ ಎಂದು ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರೂ ಸಂತೋಷದಿಂದ ಹೇಳುತ್ತಿದ್ದರು. ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಇವರು ಗಮ್ ಬೂಟನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. "ಇದ್ಯಾಕೆ?" ಅಂದೆ.

"ಕೆರೆ ಹಿಂದಿನ ಗದ್ದೇಲಿ ನೀರು ನಿಂತಿದೆ. ನಾಕು ಕಂಬ ವಾಲ್ಕೊಂಡಿವೆ. ಇವತ್ತು ಎತ್ತಿ ನಿಲ್ಲಿಸ್ಬೇಕು."

ನೀರು. ಕರೆಂಟು. ಎರಡೂ ಒಂದೇ ಜಾಗದಲ್ಲಿ.

ರಜ ಹಾಕಿ ಅಂದೆ. ಆಗಲ್ಲ ಅಂದರು. ಹೊಟ್ಟೆನೋವು ಅಂತ ಹೇಳಿ ಅಂದೆ. ಸುಳ್ಳು ಹೇಳಲ್ಲ ಅಂದರು. ನಾನು ಕಿರುಚಿದೆ, ಚೀಲ ಕಿತ್ತುಕೊಂಡೆ, ಬಾಗಿಲಿಗೆ ಅಡ್ಡ ನಿಂತೆ. ಯಾವತ್ತೂ ದನಿ ಏರಿಸದವರು ಅವತ್ತು ಏರಿಸಿದರು. "ಏನಾಗಿದೆ ನಿಂಗೆ? ಒಂದು ವರ್ಷದಿಂದ ನೋಡ್ತಾ ಇದೀನಿ. ನನ್ನ ಕೈಕಾಲು ಕಟ್ಟಿಹಾಕಿ ಮನೇಲಿ ಕೂರಿಸ್ಕೋತೀಯಾ?" ಎಂದು ಚೀಲ ತೆಗೆದುಕೊಂಡು ಬಾಗಿಲ ಬಳಿ ನಿಂತು ಎಂದಿನಂತೆ ಕೈ ಮುಗಿದರು. ನಾನು ಪಕ್ಕದಲ್ಲಿ ನಿಲ್ಲಲಿಲ್ಲ. "ನೀವೇ ಮಾಡ್ಕೊಳ್ಳಿ ನಿಮ್ಮ ಪ್ರಾರ್ಥನೆ" ಅಂದೆ. ಇವರು ಒಂದು ಗಳಿಗೆ ನನ್ನ ಮುಖ ನೋಡಿ, ಮುಗಿದ ಕೈ ಇಳಿಸಿ, ಪ್ರಾರ್ಥಿಸದೆಯೇ ಹೊರಟುಹೋದರು. ತಿಂಡಿಯೂ ತಿನ್ನಲಿಲ್ಲ.

ಹನ್ನೆರಡು ಗಂಟೆಗೆ ಆಪಾ ಬಾಗಿಲಿಗೆ ಬಂದರು. ಸೆರಗು ತಲೆಯ ಮೇಲಿಂದ ಜಾರಿದ್ದೂ ಗೊತ್ತಿರಲಿಲ್ಲ ಅವರಿಗೆ. "ಕುಣಿಗಲ್ಲಿಂದ ಫೋನಿತ್ತಮ್ಮ. ಯಾರೋ ಆಫೀಸ್ನೋರು. ಭಾಯಿಗೆ ಕರೆಂಟ್ ಹೊಡ್ದಿದೆಯಂತೆ. ದೊಡ್ಡಾಸ್ಪತ್ರೇಲಿದಾರಂತೆ. ಮನೆಯವರು ಬರ್ಬೇಕಂತೆ."

"ಮತ್ತೇನಂದ್ರು?"

"ಲೈನ್ ಕಟ್ಟಾಗೋಯ್ತು."

ಮನೆಯವರು ಬರಬೇಕಂತೆ ಎಂದರೆ ಏನೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಬದುಕಿದ್ದರೆ ಬದುಕಿದ್ದಾರೆ ಎಂದು ಹೇಳುತ್ತಾರೆ. ಬೀರು ತೆಗೆದೆ. ಸಮಾಧಾನದ ಕಾರ್ಡನ್ನು ಬಾಗಿಲಿನಿಂದ ಕಿತ್ತು ಬ್ಲೌಸಿನೊಳಗೆ ಸೇರಿಸಿಕೊಂಡೆ. ಯಾಕೆ ಹಾಗೆ ಮಾಡಿದೆನೋ. ಇದನ್ನು ಇದರ ಒಡೆಯರಿಗೆ ಕೊಟ್ಟುಬಿಡಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಆಪಾ ತಾವೇ ಆಟೋ ಕರೆದು, ಬುರ್ಖಾ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದು ಕುಣಿಗಲ್ ಬಸ್ಸಿಗೆ ಹತ್ತಿಸಿದರು. ಕಿಟಕಿಯ ಹತ್ತಿರ ಬಂದು, "ನಾನೂ ದುವಾ ಮಾಡ್ತೀನಿ, ನೀವೂ ಮಾಡಿ" ಅಂದರು.

ಬಸ್ಸು ಗೂಳೂರು ದಾಟಿತು. ಕಿಟಕಿಯಾಚೆ ಎಲ್ಲಾ ಕಡೆ ನೀರು. ಕಣ್ಣಿಗೆ ಬೀಳುತ್ತಿದ್ದುದು ಕಂಬಗಳು, ಒಂದಾದ ಮೇಲೊಂದು, ಒಂದಾದ ಮೇಲೊಂದು. ಕಣ್ಣು ಮುಚ್ಚಿದೆ. ಬಾಯಿಗೆ ಮೊದಲು ಬಂದದ್ದು ಅದೇ ಹಳೆಯ ವಾದ. ಯೇಸಪ್ಪಾ, ಆ ಕಾರ್ಡು ನನ್ನದು. ನೀನು ನನಗೆ ಕೊಟ್ಟದ್ದು, ಅವರಿಗಲ್ಲ. ನಾನು ಕದ್ದು ಅವರ ಪುಸ್ತಕದಲ್ಲಿ ಇಟ್ಟದ್ದು. ಈಗ ಹೇಳಿದ್ದೇನೆ, ಸರಿಯಾ? ನೀರೋ ಬೆಂಕಿಯೋ ನನಗೇ ಬರಲಿ. ಈ ಬಸ್ಸೇ ಕೆರೆಗೆ ಬೀಳಲಿ. ಅವರಿಗೆ ಬಂದದ್ದನ್ನು ವಾಪಸ್ ತಗೋ. ಹೀಗೆ ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಕೇಳಿಸಿತು. ಅಯ್ಯೋ, ತೀರ್ಪು ಬರೆದು ಕೊಡುತ್ತಿದ್ದೇನೆ. ಬಸ್ಸಿನಲ್ಲಿ ಕೂತಿರುವ ಐವತ್ತು ಜನರನ್ನೂ ಸೇರಿಸಿ ಬರೆದು ಕೊಡುತ್ತಿದ್ದೇನೆ!

ವಾದ ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಾದ ಮೇಲೆ, "ನಂಗೆ ಭಯ ಆಗ್ತಿದೆ" ಅಂದೆ. ಅಷ್ಟೇ. ಅಷ್ಟು ತಿಂಗಳು ಮೂರು ಹೊತ್ತೂ ಮಾಡಿದ ಪ್ರಾರ್ಥನೆಯಲ್ಲಿ ಈ ಮಾತನ್ನು ಒಂದು ಸಲವೂ ಹೇಳಿರಲಿಲ್ಲ. ಹೇಳಿದ ಕೂಡಲೇ ಅಳು ಬಂತು, ಬಿಕ್ಕಿ ಬಿಕ್ಕಿ.

ಪಕ್ಕದಲ್ಲಿ ಹಳ್ಳಿಯ ಅಜ್ಜಿಯೊಂದು ಕೂತಿತ್ತು. "ಯಾಕವ್ವಾ, ಏನಾಯ್ತು?" ಅಂತು. ಯಜಮಾನರಿಗೆ ಕರೆಂಟ್ ಹೊಡೆದಿದೆ ಎಂದೆ. "ಬುಡವ್ವ, ಅಳಬ್ಯಾಡ. ದ್ಯಾವ್ರವ್ನೆ" ಎಂದು ನನ್ನ ಮಂಡಿಯ ಮೇಲೆ ಕೈ ಇಟ್ಟಿತು. ಅಜ್ಜಿಯ ದೇವರು ಯಾರೋ, ನಾನು ಕೇಳಲಿಲ್ಲ. ಆ ಒರಟು ಕೈ ಅಲ್ಲೇ ಇತ್ತು, ಹೆಬ್ಬೂರಿನಲ್ಲಿ ಅದು ಇಳಿಯುವವರೆಗೂ.

ಆಮೇಲೆ ಏನಾಯಿತೋ ಅದನ್ನು ನಾನು ದೊಡ್ಡದು ಮಾಡಿ ಹೇಳುವುದಿಲ್ಲ. ಬೆಳಕು ಬರಲಿಲ್ಲ, ದನಿ ಕೇಳಿಸಲಿಲ್ಲ. ಭಯವೂ ಹೋಗಲಿಲ್ಲ. ಆದರೆ ಅಜ್ಜಿ ಇಳಿದ ಮೇಲೂ ಆ ಸೀಟು ಖಾಲಿ ಅನ್ನಿಸಲಿಲ್ಲ. ಇವರು ಹೋಗಿದ್ದರೂ ಹೋಗಿರಬಹುದು, ನಾನು ಇಳಿದು ನಡೆದು ಹೋಗಿ ನೋಡುತ್ತೇನೆ, ಒಬ್ಬಳೇ ಅಲ್ಲ ಎನ್ನುವಷ್ಟು ಮಾತ್ರ ನೆಲ ಕಾಲಿಗೆ ಸಿಕ್ಕಿತು. ಒಂದು ವರ್ಷದಲ್ಲಿ ಮೊದಲನೇ ಸಲ ನಾನು ಉಸಿರನ್ನು ಪೂರ್ತಿ ಹೊರಗೆ ಬಿಟ್ಟೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಆಫೀಸಿನವರು ನಾಲ್ಕು ಜನ ಕೂತಿದ್ದರು. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತರು. ಏನೂ ಕೇಳಲಿಲ್ಲ, ಕೇಳಿದರೆ ಹೇಳಿಬಿಡುತ್ತಾರಲ್ಲ. ಒಳಗೆ ನಡೆದೆ. ಒಂದು ವಾರ್ಡಿನ ಬಾಗಿಲ ಹೊರಗೆ ಕೆಸರು ಮೆತ್ತಿದ ಗಮ್ ಬೂಟು ಜೋಡಿಯಾಗಿ ನಿಲ್ಲಿಸಿತ್ತು. ಇವರು ಮನೆಯಲ್ಲೂ ಹಾಗೇ, ಚಪ್ಪಲಿ ನೆಟ್ಟಗೆ ಜೋಡಿಸಿಯೇ ಒಳಗೆ ಬರುವುದು. ಬೂಟು ನೋಡುತ್ತಾ ನಿಂತೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ.

"ಯಾರದು? ಬಂದ್ಯಾ? ಊಟ ಮಾಡಿದ್ಯಾ?"

ನೋಡಿ, ಇವರ ಮೊದಲ ಮಾತು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಲಗೈ ಬೆರಳಿಂದ ಮೊಳಕೈವರೆಗೆ ಬಿಳಿ ಬ್ಯಾಂಡೇಜು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು, "ಹಾಳಾದೋರು, ಜೀವ ಇದೆ ಅಂತ ಒಂದು ಮಾತು ಫೋನಲ್ಲಿ ಹೇಳೋಕೇನಾಗಿತ್ತು!" ಎಂದು ಆಫೀಸಿನವರನ್ನೆಲ್ಲ ಬೈದೆ. ನರ್ಸ್ ಬಂದು ಗದರಿಸಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು.

ನಡೆದದ್ದು ಇಷ್ಟು. ಇವರು ಲೈನ್ ಕ್ಲಿಯರ್ ತೆಗೆದುಕೊಂಡೇ ಕಂಬ ಹತ್ತಿದ್ದರು. ಆದರೆ ಪಕ್ಕದಲ್ಲಿ ಯಾರೋ ಜನರೇಟರ್ ಹಾಕಿದ್ದರು, ಅದರ ಕರೆಂಟು ಹಿಂದಕ್ಕೆ ತಂತಿಗೆ ಹರಿದಿತ್ತು. ಚೈನು ಎಸೆದಿದ್ದರೆ ಅದು ನೆಲಕ್ಕೆ ಇಳಿದುಹೋಗುತ್ತಿತ್ತು. "ಎಸೀಲಿಲ್ಲ. ಮರ್ತುಬಿಟ್ಟೆ" ಅಂದರು. "ಹದಿನಾಲ್ಕು ವರ್ಷದಲ್ಲಿ ಮರ್ತಿರ್ಲಿಲ್ಲ. ಬೆಳಿಗ್ಗೆಯಿಂದ ತಲೆ ಒಂಥರಾ ಇತ್ತು." ನನ್ನನ್ನು ಬೈಯಲು ಹೇಳಿದ್ದಲ್ಲ. ಆದರೂ ಎದೆಗೆ ನಾಟಿತು. ಕಾಪಾಡುತ್ತೇನೆಂದು ಹೊರಟ ನನ್ನ ಭಯವೇ ಅವರ ಕೈಯಿಂದ ಆ ಚೈನನ್ನು ಬಿಡಿಸಿತ್ತು.

"ಹೊಡೆದ ಕೂಡ್ಲೇ ಬೆಲ್ಟಲ್ಲಿ ನೇತಾಡ್ತಿದ್ದೆ. ಕೆಳಗೆ ಬರೀ ನೀರು. ಪ್ರಜ್ಞೆ ಇತ್ತು, ಮೈ ಮಾತ್ರ ನಂದಲ್ಲ. ನಮ್ಮ ಆಫೀಸ್ನೋರು ಏಣಿ ತಂದು ಇಳಿಸೋವರೆಗೂ ಇದನ್ನೇ ಹೇಳ್ಕೊತಿದ್ದೆ" ಎಂದು ಎಡಗೈಯಿಂದ ಅಂಗಿಯ ಜೇಬು ತಡವಿ ತೆಗೆದರು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟ ಕಾರ್ಡು. ನನ್ನ ಕಾರ್ಡು. ಅಂಚೆಲ್ಲ ಸವೆದು ಬಟ್ಟೆಯ ಹಾಗಾಗಿತ್ತು. ಅಷ್ಟು ಸಲ ಕೈ ಆಡಿದೆ ಅದರ ಮೇಲೆ. "ನಮ್ಮಂಥ ಕೆಲಸದವ್ನಿಗೆ ಇದಕ್ಕಿಂತ ಒಳ್ಳೆ ಮಾತು ಸಿಗುತ್ತೇನೇ? ದಿನಾ ಹತ್ತೋ ಮುಂಚೆ ಓದ್ಕೊಂಡೇ ಹತ್ತೋದು."

"ನೀರು ಬೆಂಕಿ ಅಂತ ಇದೆಯಲ್ರೀ ಅದ್ರಲ್ಲಿ" ಅಂದೆ.

"ನೀರು ಬೆಂಕಿ ಹೆಂಗೂ ಇರುತ್ತೆ ಕಣೇ. ಜೊತೇಲಿ ಇರ್ತೀನಿ ಅಂತಿದೆ ನೋಡು ಕೆಳಗೆ. ಪೂರ್ತಿ ಓದು."

ಓದಿದೆ. ಹತ್ತು ತಿಂಗಳ ಹಿಂದೆ ಬೆಂಚಿನ ಮೇಲೆ ಕೂತು ಓದದೆ ಬಿಟ್ಟಿದ್ದ ಎರಡನೇ ಸಾಲನ್ನು ಕುಣಿಗಲ್ ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಮೂರು ಗಂಟೆಗೆ, ಓದಿದೆ.

ಎಲ್ಲಾ ಹೇಳಿಬಿಟ್ಟೆ. ಹಾಡಿನ ಪುಸ್ತಕ, ಬೆವೆತ ಕೈ, ಆಮೆನ್, ಬಿರಿಯಾನಿ, ಒಂದನ್ನೂ ಬಿಡದೆ. ಬ್ಲೌಸಿನಿಂದ ಸಮಾಧಾನದ ಕಾರ್ಡು ತೆಗೆದು ಮಂಚದ ಮೇಲೆ ಇಟ್ಟೆ. "ಇದು ನಿಮ್ದು. ಅದು ನಂದು. ವಾಪಸ್ ಕೊಡಿ" ಅಂದೆ.

ಇವರು ಎರಡನ್ನೂ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ಎಡಗೈಯಿಂದ ಆ ಸವೆದ ಕಾರ್ಡನ್ನು ಎತ್ತಿ ಮತ್ತೆ ಜೇಬಿಗೆ ಹಾಕಿಕೊಂಡರು. "ಈಗ ಕೇಳಿದ್ರೆ ಕೊಡಲ್ಲ ಹೋಗು" ಅಂದರು. ತುಟಿಯ ಕೊನೆಯಲ್ಲಿ ನಗು ಇತ್ತು, ಕಣ್ಣಲ್ಲಿ ನೀರೂ ಇತ್ತು.

"ಬೆಳಿಗ್ಗೆ ಪ್ರಾರ್ಥನೆ ಹಾಗೇ ಬಿಟ್ಟೋಯ್ತಲ್ಲ. ಬಾ, ಮಾಡೋಣ" ಎಂದು ಕೈ ಮುಗಿಯಲು ಹೋದರು. ಬ್ಯಾಂಡೇಜಿನ ಕೈ ಮೇಲೇಳಲಿಲ್ಲ. ಎಡಗೈಯೊಂದೇ ಎದೆಯ ಮುಂದೆ ನಿಂತಿತು. ಅದನ್ನೇ ನೋಡಿಕೊಂಡು, "ನನ್ನತ್ರ ಒಂದೇ ಇದೆ. ಇನ್ನೊಂದು ನೀನು ಕೊಡು" ಅಂದರು. ನಾನು ನನ್ನ ಬಲಗೈಯನ್ನು ಅವರ ಎಡಗೈಗೆ ಜೋಡಿಸಿದೆ. ಅವತ್ತು ನಾನು ದೇವರಿಗೆ ಯಾವ ಪಟ್ಟಿಯನ್ನೂ ಕೊಡಲಿಲ್ಲ. ಭಯ ಆಗಿತ್ತು ಅಂದೆ, ಈಗಲೂ ಆಗುತ್ತಿದೆ ಅಂದೆ, ನಿನಗೆ ಸ್ತೋತ್ರ ಅಂದೆ. ಇವರು "ಆಮೆನ್" ಅಂದರು.

ಇವರ ಬಲಗೈಯ ಎರಡು ಬೆರಳು ಆಮೇಲೆ ಪೂರ್ತಿ ಮಡಿಚಲು ಬರಲಿಲ್ಲ. ಕಂಬ ಹತ್ತುವುದು ನಿಂತು, ಆಫೀಸಿನೊಳಗಿನ ಕೆಲಸ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ನಾವು ಕೈ ಮುಗಿಯುವುದು ಹಾಗೆಯೇ, ಅವರದೊಂದು, ನನ್ನದೊಂದು. ಭಯ ನನ್ನನ್ನು ಬಿಟ್ಟು ಹೋಗಿದೆ ಎಂದು ಹೇಳಿದರೆ ನಮ್ಮ ಆಪಾ ನಗುತ್ತಾರೆ. ಬಸ್ಸು ತಡವಾದರೆ ಈಗಲೂ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಪ್ರತಿ ಹೊಸ ವರ್ಷ ತಟ್ಟೆ ಹತ್ತಿರ ಬಂದಾಗ ನನ್ನ ಕೈ ಈಗಲೂ ಬೆವರುತ್ತದೆ. ಆದರೆ ಏನು ಬರುತ್ತದೋ ಅದನ್ನು ಕೊನೆಯ ಸಾಲಿನವರೆಗೆ ಓದುತ್ತೇನೆ.

ಆ ಕಾರ್ಡನ್ನು ಮಾತ್ರ ಇವರು ಇವತ್ತಿಗೂ ವಾಪಸ್ ಕೊಟ್ಟಿಲ್ಲ.